ಅಣ್ಣನ ಹೆಸರಿನಲ್ಲಿ ಎದ್ದ ಕಂಪ್ಯೂಟರುಗಳು

ನಮ್ಮ ಮನೆಗೆ ತನ್ನದೇ ಆದ ಮುಂಬಾಗಿಲು ಇರಲಿಲ್ಲ. ಕುಷ್ಟಗಿಯ ಬಜಾರದಲ್ಲಿ ಅಪ್ಪನ ಪಾತ್ರೆ-ಬಾಂಡೆ ಅಂಗಡಿ. ಅಂಗಡಿಯ ಹಿಂಗೋಡೆಯ ಪರದೆ ಸರಿಸಿದರೆ ನಡುಮನೆ, ಅದರಾಚೆ ಅಡಿಗೆಮನೆ, ಎರಡಕ್ಕೂ ಹತ್ತಿದಂತೆ ಹಿತ್ತಲು. ಗಂಡಸರು ಅಂಗಡಿಯೊಳಗಿಂದ ಬಂದು ಹೋಗುತ್ತಿದ್ದರು. ಅವ್ವ, ನಾವು ಆಯಿ ಎನ್ನುತ್ತಿದ್ದ ಅಪ್ಪನ ತಾಯಿ ಮತ್ತು ನಾನು ಹಿತ್ತಲ ಬಾಗಿಲಿನಿಂದ ಓಣಿಗೆ ಇಳಿಯುತ್ತಿದ್ದೆವು. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಅಂಗಡಿಯಲ್ಲಿ ಯಾವಾಗಲೂ ಯಾರಾದರೂ ಕೂತಿರುತ್ತಾರೆ, ಅವರ ನಡುವೆ ಹಾದುಹೋಗುವುದು ಹೆಣ್ಣುಮಕ್ಕಳಿಗೆ ಚಂದವಲ್ಲ ಎನ್ನುವುದನ್ನು ನಾನು ಯಾರೂ ಹೇಳಿಕೊಡದೆಯೇ ಕಲಿತಿದ್ದೆ. ಸ್ಟೀಲಿನ ಕೊಡ, ತಾಟು, ತಂಬಿಗೆಗಳ ಮೇಲೆ ಹೆಸರು ಕೊರೆಯುವ ಮಷಿನ್ನಿನ ಕಿರ್ರೆನ್ನುವ ಸದ್ದು ಪರದೆ ದಾಟಿ ಬರುತ್ತಿತ್ತು. ಊಟಕ್ಕೆ ಕೂತಾಗ ಆ ಸದ್ದು ಶುರುವಾದರೆ ಮಾತು ನಿಲ್ಲಿಸಿ, ರೊಟ್ಟಿ ಮುರಿದುಕೊಂಡು, ಅದು ಮುಗಿಯುವುದನ್ನು ಕಾಯುತ್ತಿದ್ದೆವು. ನಮ್ಮ ಮನೆಯ ಎಷ್ಟೋ ಜಗಳಗಳು ಹೀಗೆ ಅರ್ಧಕ್ಕೇ ನಿಂತು, ಸದ್ದು ಮುಗಿಯುವಷ್ಟರಲ್ಲಿ ತಣ್ಣಗಾಗಿಬಿಡುತ್ತಿದ್ದವು.

ಕಂಪ್ಯೂಟರು ಬಂದದ್ದು ಅಣ್ಣ ವೀರೇಶನಿಗಾಗಿ. ಅವನು ಪಿಯುಸಿಯಲ್ಲಿ ನಪಾಸಾಗಿ ಗಂಗಾವತಿಯ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿದ್ದ. ಮನೆಯಲ್ಲೂ ಒಂದಿದ್ದರೆ ಕೈ ಪಳಗುತ್ತದೆಂದು ಅಪ್ಪ ಯಾರದೋ ಹಳೆಯದೊಂದನ್ನು ತಂದು ನಡುಮನೆಯ ಕಿಟಕಿಯ ಪಕ್ಕ ಇಡಿಸಿದ. ಅವ್ವ ತನ್ನ ಹಳೆಯ ಸೀರೆ ಹರಿದು ಅದಕ್ಕೆ ಮುಸುಕು ಹೊಲಿದಳು. ಆಯಿ ಆಯುಧ ಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಹೂವೇರಿಸಿ, ತೆಂಗಿನಕಾಯಿ ಒಡೆಸಿದಳು. ಅಂದಿನಿಂದ ಅದು ದೇವರ ಜಗುಲಿಯಷ್ಟೇ ಮಡಿಯ ವಸ್ತುವಾಯಿತು. ಅದನ್ನು ಮುಟ್ಟುವ ಮುನ್ನ ಕೈ ತೊಳೆಯಬೇಕು. ಎಂಜಲ ಕೈ ತಾಗಬಾರದು. ಅಣ್ಣ ಸಿನಿಮಾ ಹಾಕಿ ಕೂತಾಗ ಮಾತ್ರ ಆಯಿಯೇ ಒಂದು ತಾಟಿನಲ್ಲಿ ಚುರುಮುರಿ ತಂದು ಅವನ ಪಕ್ಕದಲ್ಲಿಡುತ್ತಿದ್ದಳು.

ಅದು ಒಂದು ಬೆಳಿಗ್ಗೆ ಏಳಲೇ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಬಂದು ನಿಂತವು. ಅಣ್ಣ ಸೆಂಟರಿನಿಂದ ಸಿಡಿ ತಂದ. ಮತ್ತೆ ಎಲ್ಲ ಹೊಸದಾಗಿ ಹಾಕಬೇಕಂತೆ. ಹಾಕುತ್ತಾ ಹೋದಂತೆ ಅರ್ಧದಾರಿಯಲ್ಲಿ ಯಾವುದೋ ಫೈಲು ಓದಲಾಗುತ್ತಿಲ್ಲ ಎಂದು ನಿಲ್ಲುತ್ತಿತ್ತು. ಅವನು ಬಟನ್ ಒತ್ತಿ ಆರಿಸಿ, ಮತ್ತೆ ಮೊದಲಿಂದ ಶುರುಮಾಡುತ್ತಿದ್ದ. ಮತ್ತೆ ಅಲ್ಲೇ ನಿಲ್ಲುತ್ತಿತ್ತು. ಹೀಗೇ ಆಗಿ ಆಗಿ, ಅವನು ಕೀಬೋರ್ಡನ್ನು ದೂಡಿ ಹೊರಗೆ ಹೋದ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ನನಗೆ ಏನೂ ಗೊತ್ತಿರಲಿಲ್ಲ. ಆದರೆ ಪರದೆ ಏನು ಹೇಳುತ್ತಿದೆ ಎಂದು ಓದುವ ತಾಳ್ಮೆ ಇತ್ತು. ಅಣ್ಣನಿಗೆ ಓದುವುದೆಂದರೇ ಆಗುತ್ತಿರಲಿಲ್ಲ. ಅಕ್ಷರ ಕಂಡೊಡನೆ ಅವನ ಬೆರಳು ಎಂಟರ್ ಕಡೆ ಓಡುತ್ತಿತ್ತು. ನಾನು ಸಿಡಿ ತೆಗೆದು ಬೆಳಕಿಗೆ ಹಿಡಿದೆ. ಗೀರು ಬಿದ್ದಿತ್ತು. ಅವ್ವನ ಮೆತ್ತನೆಯ ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಆ ಫೈಲನ್ನು ದಾಟಿತು. ಸಂಜೆ ಅಣ್ಣ ಬಂದಾಗ ಕಂಪ್ಯೂಟರು ಎದ್ದು ಕೂತಿತ್ತು, ಧ್ವನಿ ಮಾತ್ರ ಇರಲಿಲ್ಲ. ಧ್ವನಿಗೆ ಡ್ರೈವರ್ ಎಂಬ ಬೇರೆಯೇ ಸಾಫ್ಟ್‌ವೇರ್ ಹಾಕಬೇಕೆಂದು ಮರುವಾರ ತಿಳಿಯಿತು.

ಆಮೇಲೆ ಸಿಡಿ ಓದುವ ಪೆಟ್ಟಿಗೆಯೇ ಕೆಟ್ಟಿತು. ಅಣ್ಣ ಗಂಗಾವತಿಯಿಂದ ಪೆನ್ ಡ್ರೈವಿನಲ್ಲಿ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ತಂದುಕೊಟ್ಟ. ಒಳಗಿನ ಫೈಲುಗಳನ್ನೆಲ್ಲ ಇನ್ನೊಂದು ಪೆನ್ ಡ್ರೈವಿಗೆ ನಕಲು ಮಾಡಿದರೆ ಅದೂ ಹಾಗೆಯೇ ಕೆಲಸ ಮಾಡುತ್ತದೆ ಎಂದುಕೊಂಡಿದ್ದೆ. ಕಂಪ್ಯೂಟರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಪೆನ್ ಡ್ರೈವಿನಿಂದಲೇ ಕಂಪ್ಯೂಟರು ಏಳಬೇಕಾದರೆ ಅದನ್ನು ಬೂಟೇಬಲ್ ಮಾಡಬೇಕು, ಅದಕ್ಕೆಂದೇ ಒಂದು ಸಣ್ಣ ಸಾಫ್ಟ್‌ವೇರ್ ಇರುತ್ತದೆ, ಆಮೇಲೆ ಕಂಪ್ಯೂಟರಿಗೂ 'ಮೊದಲು ಡಿಸ್ಕನ್ನಲ್ಲ, ಪೆನ್ ಡ್ರೈವನ್ನು ನೋಡು' ಎಂದು ಒಳಗಿನ ಸೆಟ್ಟಿಂಗಿನಲ್ಲಿ ಹೇಳಿಕೊಡಬೇಕು. ಇದನ್ನೆಲ್ಲ ತಪ್ಪು ಮಾಡುತ್ತಾ, ಕರೆಂಟು ಹೋದಾಗ ಕಣ್ಣೀರು ಹಾಕುತ್ತಾ, ಮತ್ತೆ ಕೂರುತ್ತಾ ಕಲಿತೆ. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ, ಅಣ್ಣ ಸೆಂಟರಿನಲ್ಲಿ ಪೆನ್ ಡ್ರೈವಿಗೆ ಇಳಿಸಿ ತಂದ ಸಿಡಿಯಿಂದ, ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನ ಮೇಲೆಯೇ ನಡೆಯುವ ಓಎಸ್ ಒಂದು ಸಿಕ್ಕಿತು. ಏಳಲಾರದ ಕಂಪ್ಯೂಟರಿನ ಹೊಟ್ಟೆಯಲ್ಲಿ ಉಳಿದ ಫೈಲುಗಳನ್ನು ಅದರಿಂದ ಹೊರಗೆ ತೆಗೆಯಬಹುದಿತ್ತು. ಆ ವಯಸ್ಸಿನಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟದ್ದು ಬೇರೊಂದಿಲ್ಲ.

ಅಪ್ಪ ಇದನ್ನು ನೋಡುತ್ತಿದ್ದ. ನೋಡಲಿಲ್ಲ ಎಂದು ನಾನು ಹೇಳಲಾರೆ. ಆದರೂ ಅಂಗಡಿಯಲ್ಲಿ ಯಾರಾದರೂ ತಮ್ಮ ಕಂಪ್ಯೂಟರು ಕೆಟ್ಟಿತೆಂದರೆ ಅಪ್ಪನ ಬಾಯಿಂದ ಬರುತ್ತಿದ್ದ ಮಾತು ಒಂದೇ.

"ನಮ್ಮ ವೀರೇಶ ಮಾಡ್ತಾನ್ರಿ. ಇಟ್ಟು ಹೋಗ್ರಿ."

ಅಣ್ಣ ಮೊದಮೊದಲು ಗಾಬರಿಯಾಗುತ್ತಿದ್ದ. ಆಮೇಲೆ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಕೊಡಗಳ ಸಾಲಿನ ಪಕ್ಕ ಬಂದಿಳಿದ ಸಿಪಿಯು ಪರದೆ ದಾಟಿ ಒಳಗೆ ಬರುತ್ತಿತ್ತು. ನಾನು ಶಾಲೆಯಿಂದ ಬಂದು, ಕೈ ತೊಳೆದು, ಅದರ ಮುಂದೆ ಕೂರುತ್ತಿದ್ದೆ. ಸರಿಯಾದ ಮೇಲೆ ಅಣ್ಣ ಅದನ್ನು ಎತ್ತಿಕೊಂಡು ಹೋಗಿ ಗಿರಾಕಿಗೆ ವಿವರಿಸುತ್ತಿದ್ದ. ಏನು ಹೇಳಬೇಕೆಂದು ನಾನು ಅವನಿಗೆ ಮೊದಲೇ ಹೇಳಿಕೊಡುತ್ತಿದ್ದೆ. ಅವನು ಅದನ್ನು ಅರ್ಧ ಮರೆತು, ಉಳಿದರ್ಧಕ್ಕೆ ವೈರಸ್ ಎಂಬ ಮಾತು ಸೇರಿಸಿ ಹೇಳುತ್ತಿದ್ದ. ಪರದೆಯ ಹಿಂದೆ ನಿಂತು ನಾನು ತುಟಿ ಕಚ್ಚಿಕೊಳ್ಳುತ್ತಿದ್ದೆ.

"ಎಂಥಾ ಕೈ ಐತಪಾ ನಿಮ್ಮ ಹುಡುಗಂದು! ಹೊಸಪ್ಯಾಟಿಗೆ ಒಯ್ದ್ರೂ ಆಗಿದ್ದಿಲ್ಲ," ಎಂದು ಗಿರಾಕಿ ಹೇಳಿದಾಗ ಅಪ್ಪ ನಗುವುದು ಕೇಳಿಸುತ್ತಿತ್ತು. ಆ ಹೊಗಳಿಕೆ ನನ್ನದೆಂದು ನನಗೆ ಗೊತ್ತಿತ್ತು. ಅದನ್ನು ಕದ್ದು ಕೇಳಲೆಂದೇ ನಾನು ಪರದೆಯ ಹಿಂದೆ ನಿಲ್ಲುತ್ತಿದ್ದೆ. ಯಾರಾದರೂ ಹೊಗಳದೆ ಹೋದರೆ ಆ ದಿನವೆಲ್ಲ ನನ್ನ ಮುಖ ಬಾಡಿರುತ್ತಿತ್ತು. ಒಮ್ಮೆ ಅವ್ವ ನನ್ನನ್ನು ಹಾಗೆ ನಿಂತಿದ್ದಾಗ ನೋಡಿದಳು. ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ಶೇಂಗಾ ಹುರಿಯಲು ಕೂರಿಸಿದಳು. ನನ್ನ ಕಿವಿಗಳು ಬಿಸಿಯಾಗಿದ್ದವು. ಅವ್ವನಿಗೆ ತಿಳಿದುಹೋಯಿತಲ್ಲ ಎಂಬ ನಾಚಿಕೆ.

ನಿಜವಾದ ತೊಡಕು ಬೇರೆಯದಿತ್ತು. ತಿಂಗಳಲ್ಲಿ ಕೆಲವು ದಿನ ನಾನು ಹೊರಗಾಗುತ್ತಿದ್ದೆ. ಆಗ ನನ್ನ ಜಾಗ ಹಿತ್ತಲ ತಗಡಿನ ಚಪ್ಪರದ ಕೆಳಗೆ. ಒಂದು ಚಾಪೆ, ಒಂದು ಕೌದಿ, ನನ್ನದೇ ಒಂದು ತಾಟು. ಅವ್ವ ರೊಟ್ಟಿಯನ್ನು ಎತ್ತರದಿಂದ ಬಿಡುತ್ತಿದ್ದಳು. ಆಯಿಯ ಕಣ್ಣು ನಡುಮನೆಯ ಕಿಟಕಿಯಿಂದ ನನ್ನ ಮೇಲಿರುತ್ತಿತ್ತು. ಪೂಜೆ ಮಾಡಿದ ಕಂಪ್ಯೂಟರನ್ನು ಆ ದಿನಗಳಲ್ಲಿ ಮುಟ್ಟುವ ಮಾತೇ ಇರಲಿಲ್ಲ. ಹಾಗಾಗಿ ಬಜಾರದಲ್ಲಿ ಹೆಸರಾಗಿದ್ದ ನಮ್ಮ ರಿಪೇರಿ ಕೆಲಸವೇ ನಿಂತುಬಿಡುತ್ತಿತ್ತು. ಬಂದವರಿಗೆ ಅಪ್ಪ ಒಂದು ಸಬೂಬು ಹೇಳುತ್ತಿದ್ದ.

"ಹೊಸಪ್ಯಾಟಿಯಿಂದ ಒಂದ್ ಸಾಮಾನ ಬರಬೇಕಾಗೈತ್ರಿ. ನಾಕ್ ದಿನ ಬಿಟ್ಟು ಬರ್ರಿ."

ನನ್ನ ಮೈಯ ಒಳಗಿನ ಸಂಗತಿಯೊಂದು ಹೀಗೆ ಹೊಸಪೇಟೆಯ ಸಾಮಾನಾಗಿ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿತ್ತು. ಅಪ್ಪನಿಗೆ ಆ ಸುಳ್ಳು ಹೇಳಬೇಕಾದಾಗ ಸಿಟ್ಟು ಬರುತ್ತಿತ್ತೆಂದು ಅವನ ಹೆಜ್ಜೆಯ ಸಪ್ಪಳದಲ್ಲೇ ತಿಳಿಯುತ್ತಿತ್ತು. ಏನೋ ಬೇಕಂತಲೇ ಮಾಡಿದವಳಂತೆ ನಾನು ಚಾಪೆಯ ಮೇಲೆ ಕುಗ್ಗಿ ಕೂರುತ್ತಿದ್ದೆ. ಕೆಲಸ ತುಂಬಿದ್ದಾಗ ಹೊರಗಾದರೆ, ಅದನ್ನು ಅವ್ವನಿಗೆ ಹೇಳುವುದೂ ಸಾಲ ಕೇಳಿದಷ್ಟು ಕಷ್ಟವಾಗುತ್ತಿತ್ತು.

ಒಂದು ದಿನ ಅಂಗಡಿಯಲ್ಲಿ ಮಂದಿ ಕೂಡಿದ್ದರು. ತನ್ನ ಕಂಪ್ಯೂಟರು ಇನ್ನೂ ಆಗಿಲ್ಲವೆಂದು ಕೇಳಿದ ಎಣ್ಣೆ ಗಿರಣಿಯವನೊಬ್ಬ ಎಲ್ಲರಿಗೂ ಕೇಳುವಂತೆ ಅಂದ.

"ಏನ್ ಸಾಹುಕಾರ್ರ, ನಿಮ್ಮ ರಿಪೇರಿ ಅಂಗಡಿ ಹೆಣ್ಣುಮಕ್ಕಳಂಗ ತಿಂಗಳಾ ತಿಂಗಳಾ ಹೊರಗ ಕುಂದರ್ತೈತಲ್ರಿ!"

ಎಲ್ಲರೂ ನಕ್ಕರು. ಅವನಿಗೆ ಗೊತ್ತಿದ್ದು ಅಂದನೋ, ಸುಮ್ಮನೆ ಬಾಯಿಗೆ ಬಂದದ್ದು ಅಂದನೋ ಇಂದಿಗೂ ನನಗೆ ತಿಳಿಯದು. ನಡುಮನೆಯ ಕಿಟಕಿ ದಾಟಿ ಆ ನಗು ಹಿತ್ತಲಿಗೆ ಬಂತು. ನಾನು ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡೆ. ಬಿಸಿಲಿತ್ತು, ಒಳಗೆ ಉಸಿರು ಕಟ್ಟುತ್ತಿತ್ತು, ಆದರೂ ಹಾಗೇ ಕೂತೆ. ಅವತ್ತು ಮಧ್ಯಾಹ್ನ ಅಪ್ಪ ಊಟಕ್ಕೆ ಬರಲಿಲ್ಲ. ಸಂಜೆ ಅಣ್ಣನಿಗೆ ಹೇಳುತ್ತಿದ್ದುದು ಕೇಳಿತು.

"ಇನ್ ಮ್ಯಾಲ ಸಾಮಾನ ಬರಬೇಕು ಗೀಮಾನ ಬರಬೇಕು ಅಂತ ನಾ ಹೇಳಂಗಿಲ್ಲ. ನೀನ ಕಲ್ತು ಮಾಡು. ಗಂಡಸು ಹೌದಿಲ್ಲ ನೀ?"

ಅಣ್ಣ ಕಲಿಯಲಿಲ್ಲ. ಅವನಿಗೆ ಇಷ್ಟವಿದ್ದದ್ದು ಹೆಸರು ಕೊರೆಯುವ ಮಷಿನ್ನು. ತಂಬಿಗೆಯ ಕತ್ತಿನ ಮೇಲೆ ಅವನು ಬರೆಯುತ್ತಿದ್ದ ಅಕ್ಷರಗಳು ಮುತ್ತು ಪೋಣಿಸಿದಂತೆ ಇರುತ್ತಿದ್ದವು. ಮದುವೆ ಮನೆಯವರು ಅವನೇ ಬರೆಯಲಿ ಎಂದು ಕಾಯುತ್ತಿದ್ದರು. ಅದನ್ನು ಮಾತ್ರ ಅಪ್ಪ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಮುಂದಿನ ತಿಂಗಳು ನಾನು ಮತ್ತೆ ಹಿತ್ತಲಲ್ಲಿದ್ದಾಗ ಫೋಟೋ ಸ್ಟುಡಿಯೋದ ಬಸಣ್ಣ ತನ್ನ ಸಿಪಿಯು ಹೊತ್ತು ತಂದ. ಅವನ ಜೊತೆ ಮಂಗಳೂರಿನಿಂದ, ಸಮುದ್ರದ ದಂಡೆಯದಲ್ಲ, ಯಲಬುರ್ಗಾದ ಕಡೆಯ ನಮ್ಮ ಮಂಗಳೂರಿನಿಂದ, ಶಾಂತವ್ವ ಎಂಬ ಹೆಂಗಸು ಬಂದಿದ್ದಳು. ಅವಳ ಮಗಳ ಮದುವೆಯ ಫೋಟೋಗಳನ್ನು ಬಸಣ್ಣ ತೆಗೆದಿದ್ದ. ಆಲ್ಬಮ್ ಆಗುವ ಮೊದಲೇ ಶಾಂತವ್ವನ ಗಂಡ ಹೊಲದಲ್ಲಿ ಹಾವು ಕಡಿದು ತೀರಿಕೊಂಡಿದ್ದ. ಅವನದು ಬೇರೆ ಒಂದೂ ಒಳ್ಳೆಯ ಫೋಟೋ ಇರಲಿಲ್ಲ. ಈಗ ಬಸಣ್ಣನ ಕಂಪ್ಯೂಟರು ಏಳುತ್ತಿಲ್ಲ, ಕ್ಯಾಮೆರಾದ ಕಾರ್ಡಿನಲ್ಲಿ ಆಗಲೇ ಬೇರೆ ಮದುವೆ ಕೂತಿದೆ. ಅಂಗಡಿಯಲ್ಲಿ ಬಸಣ್ಣ ಇದನ್ನೆಲ್ಲ ಅಪ್ಪನಿಗೆ ಹೇಳುತ್ತಿದ್ದುದು ನನಗೆ ತುಂಡು ತುಂಡಾಗಿ ಕೇಳುತ್ತಿತ್ತು.

"ಫಾರ್ಮ್ಯಾಟ್ ಹೊಡೀಬೇಕು ಅಂತಾರ್ರಿ ಎಲ್ಲಾರು. ಹೊಡದ್ರ ಫೋಟೋ ಹೋಗ್ತಾವಂತ. ವೀರೇಶಪ್ಪ ಏನರ ಮಾಡ್ಲಿ."

"ಇವತ್ತ ಮಾಡಿ ಕೊಡ್ತಾನ. ಒಳಗ ಬರ್ರಿ, ನಿಮ್ಮ ಎದುರಿಗೇ ಮಾಡ್ತಾನ," ಅಂದ ಅಪ್ಪ.

ಬಸಣ್ಣ ಒಳಗೇ ಬಂದು ನಡುಮನೆಯಲ್ಲಿ ಕೂತದ್ದರಿಂದ ಅಣ್ಣನಿಗೆ ಹಿತ್ತಲಿಗೆ ಬಂದು ನನ್ನನ್ನು ಕೇಳುವ ದಾರಿಯಿರಲಿಲ್ಲ. ಅಪ್ಪ ಅವನ ಹಿಂದೆ ನಿಂತಿದ್ದ. ಶಾಂತವ್ವ ಅಂಗಡಿಯಲ್ಲೇ ಉಳಿದಳು. ಕಿಟಕಿಯ ಸರಳುಗಳ ನಡುವೆ ನನಗೆ ಕಂಪ್ಯೂಟರಿನ ಪರದೆ ಓರೆಯಾಗಿ ಕಾಣುತ್ತಿತ್ತು. ಅಣ್ಣ ನಮ್ಮ ಮಾನಿಟರನ್ನು ಬಸಣ್ಣನ ಸಿಪಿಯುಗೆ ಜೋಡಿಸಿ, ತನಗೆ ಗೊತ್ತಿದ್ದ ಒಂದೇ ಪೆನ್ ಡ್ರೈವನ್ನು, ಹೊಸದಾಗಿ ಓಎಸ್ ಹಾಕುವುದನ್ನು, ಸಿಕ್ಕಿಸಿದ. ನೀಲಿ ಪರದೆ ಬಂತು. ಅವನು ಏನನ್ನೂ ಓದದೆ ಮುಂದೆ ಮುಂದೆ ಹೋದ. ಡಿಸ್ಕಿನ ಭಾಗಗಳನ್ನು ತೋರಿಸುವ ಪುಟಕ್ಕೆ ಬಂದ. ಫೋಟೋಗಳಿರುವ ದೊಡ್ಡ ಭಾಗದ ಮೇಲೇ ಆಯ್ಕೆ ತೋರಿಸುವ ಬಿಳಿ ಪಟ್ಟೆ ನಿಂತಿತ್ತು. ಅದನ್ನು ಅಳಿಸಲೇ ಎಂದು ಕಂಪ್ಯೂಟರು ಕೇಳಿತು. ಅವನ ಬೆರಳು ಮೇಲೆದ್ದಿತು.

"ಅಣ್ಣಾ, ಒತ್ತಬ್ಯಾಡ!"

ನಾನು ಅಷ್ಟು ಜೋರಾಗಿ ಕೂಗಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅಂಗಡಿಯವರೆಗೂ ಕೇಳಿತ್ತು. ನಡುಮನೆಯಲ್ಲಿ ಎಲ್ಲರೂ ಕಿಟಕಿಯ ಕಡೆ ತಿರುಗಿದರು.

"ಯಾಕ ಒದರಾಕತ್ತಿ?" ಅಪ್ಪ ಗದರಿದ.

"ಅದು ಫೋಟೋ ಇರೋ ಭಾಗ ಐತಪ್ಪ. ಒತ್ತಿದ್ರ ಎಲ್ಲಾ ಹೋಗ್ತಾವು."

ಅಣ್ಣ ಕೀಬೋರ್ಡಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನ ಕುತ್ತಿಗೆ ಕೆಂಪಾಗಿದ್ದು ನನಗೆ ಕಿಟಕಿಯಿಂದಲೂ ಕಾಣುತ್ತಿತ್ತು. ಬಸಣ್ಣ ಎದ್ದು ನಿಂತು, "ಆ ಹುಡುಗಿಗೆ ಗೊತ್ತೈತೇನು? ಕರೀರಿ ಮತ್ತ ಒಳಗ," ಅಂದ. ಆಗ ಆಯಿ, ಯಾರಿಗೂ ಹೇಳಬಾರದ್ದನ್ನು ಪರಗಂಡಸಿನ ಮುಂದೆ, ಸಹಜವಾಗಿ ಹೇಳಿಬಿಟ್ಟಳು.

"ಆಕಿ ಹೊರಗ ಅದಾಳಪ. ಒಳಗ ಬರಂಗಿಲ್ಲ."

ಬಸಣ್ಣ ತಟ್ಟನೆ ಮುಖ ಬೇರೆ ಕಡೆ ತಿರುಗಿಸಿಕೊಂಡ. ಅವನು ಒಳ್ಳೆಯವನು, ಹಾಗೆ ತಿರುಗಿಸಿಕೊಂಡದ್ದೇ ನನ್ನನ್ನು ಹೆಚ್ಚು ಚುಚ್ಚಿತು. ಭೂಮಿ ಬಾಯಿಬಿಡಲಿ ಎನ್ನುತ್ತಾರಲ್ಲ, ನಾನು ನಿಜವಾಗಿಯೂ ನನ್ನ ಕಾಲ ಬಳಿಯ ಬಟ್ಟೆ ಒಗೆಯುವ ಕಲ್ಲನ್ನು ನೋಡಿದೆ.

ಅವ್ವ ಅಡಿಗೆಮನೆಯಿಂದ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ವೀರೇಶ, ಆ ಟೇಬಲ್ ಕಿಡಕಿ ಕಡೆ ತಿರುಗಸು."

"ಪೂಜಿ ಮಾಡಿದ ವಸ್ತು ಐತಿ ಅದು," ಅಂದಳು ಆಯಿ.

"ಆಕಿ ಮುಟ್ಟಂಗಿಲ್ರಿ ಅತ್ತಿ. ದೂರ ನಿಂತು ನೋಡಿ ಹೇಳ್ತಾಳ. ನೋಡಿದ್ರ ಮೈಲಿಗಿ ಹತ್ತಂಗಿಲ್ಲ."

ಅವ್ವ ಆಯಿಗೆ ಎದುರುತ್ತರ ಕೊಟ್ಟದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅಣ್ಣ ಮತ್ತು ಬಸಣ್ಣ ಸೇರಿ ಟೇಬಲ್ ತಿರುಗಿಸಿದರು. ನಾನು ಗೋಡೆಗೆ ತಾಗದಂತೆ, ಕಲ್ಲಿನ ಮೇಲೆ ಹತ್ತಿ ನಿಂತೆ. ಬಿಸಿಲಿಗೆ ಪರದೆ ಹೊಳೆಯುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅವ್ವ ಒಳಗಿನಿಂದ ಕಿಟಕಿಯ ಮೇಲರ್ಧಕ್ಕೆ ಕಂಬಳಿ ಹಿಡಿದು ನೆರಳು ಮಾಡಿದಳು. ಒಳಗೆ ಅಪ್ಪ ಏನೂ ಮಾಡಲು ತೋಚದೆ ನಿಂತಿದ್ದ. ಅಂಗಡಿಯಿಂದ ಯಾರೋ ಕೂಗಿದಾಗ ಓಡಿದಂತೆಯೇ ಹೋದ.

ಫೈಲು ಹೊರಗೆ ತೆಗೆಯುವ ನನ್ನ ಪೆನ್ ಡ್ರೈವಿನಲ್ಲಿ ಅಣ್ಣ ಹಾಡು ತುಂಬಿಕೊಂಡಿದ್ದ. ಅದನ್ನು ಅಳಿಸಿ ನಮ್ಮ ಕಂಪ್ಯೂಟರಿನಲ್ಲೇ ಹೊಸದಾಗಿ ಬೂಟೇಬಲ್ ಮಾಡಬೇಕಾಯಿತು. ನಾನು ಹೇಳಿದೆ, ಅವನು ಒತ್ತಿದ. ಪ್ರತಿ ಪುಟ ಬಂದಾಗಲೂ ನಾನು, "ಓದಣ್ಣ," ಅನ್ನುತ್ತಿದ್ದೆ. ಅವನು ಸಣ್ಣ ಮಕ್ಕಳಂತೆ ಅಕ್ಷರ ಕೂಡಿಸಿ ಓದುತ್ತಿದ್ದ, ಬಸಣ್ಣನ ಮುಂದೆ. ಅವನ ಇಂಗ್ಲಿಷ್ ಎಷ್ಟು ಬಡವಾಗಿತ್ತೆಂದು ಅವತ್ತೇ ನಾನೂ ಪೂರ್ತಿ ಕೇಳಿದ್ದು. ಕೇಳಬಾರದಿತ್ತು ಅನಿಸಿತು. ಪೆನ್ ಡ್ರೈವ್ ತಯಾರಾಯಿತು. ಮಾನಿಟರಿನ ವೈರನ್ನು ಮತ್ತೆ ಬಸಣ್ಣನ ಸಿಪಿಯುಗೆ ಹಾಕಿದರು. ಮೊದಲಿನದನ್ನು ಗುರುತಿಸಿದ್ದ ಅದು ಈ ಪೆನ್ ಡ್ರೈವನ್ನು ಗುರುತಿಸಲೇ ಇಲ್ಲ. ಮತ್ತೆ ಅದೇ ಕಪ್ಪು ಪರದೆ.

"ಮುಂದಿಂದು ಸಡಿಲ ಇರ್ತೈತಣ್ಣ. ಹಿಂದಿನ ತೂತಿಗೆ ಹಾಕು."

ಹಿಂದೆ ಹಾಕಿದ. ಸೆಟ್ಟಿಂಗಿನಲ್ಲಿ ಯುಎಸ್‌ಬಿ ಎಂಬ ಹೆಸರಿನವು ಒಂದಕ್ಕಿಂತ ಹೆಚ್ಚಿದ್ದವು. ಅವನು ಕಿಟಕಿಯ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೇಡುವವರ ನೋಟ ಅದು. ನಾನು ನನ್ನ ಅಣ್ಣನನ್ನು ಹಾಗೆ ನೋಡಲಾರದೆ ಕಣ್ಣು ತಪ್ಪಿಸಿ ಹೇಳಿದೆ.

"ಎಚ್‌ಡಿಡಿ ಅಂತ ಇರೋದು. ಅದನ್ನ ಮ್ಯಾಲ ತಗೊ. ಉಳಿಸಿ ಹೊರಗ ಬಾ."

ಈ ಸಲ ಎದ್ದಿತು. ಬಣ್ಣದ ಪರದೆ ಬಂತು, ಡಿಸ್ಕು ತೆರೆಯಿತು, ಅದರೊಳಗೆ ಬಸಣ್ಣನ ಮದುವೆಗಳೆಲ್ಲ ಊರಿನ ಹೆಸರು ಹೊತ್ತು ಸಾಲಾಗಿ ಕೂತಿದ್ದವು. ನಕಲಾಗುವ ತನಕ ಕರೆಂಟು ಹೋಗದಿರಲೆಂದು ಆಯಿಯೂ ಸೇರಿ ಎಲ್ಲರೂ ಮೇಲಿನ ಬಲ್ಬನ್ನೇ ನೋಡುತ್ತಿದ್ದರು. ಹೋಗಲಿಲ್ಲ. ಬಸಣ್ಣ ಶಾಂತವ್ವನನ್ನು ಕರೆದು ಒಂದು ಫೋಟೋ ತೆರೆದು ತೋರಿಸಿದ. ತಲೆಗೆ ಹಳದಿ ರುಮಾಲು ಸುತ್ತಿದ ಗಂಡಸೊಬ್ಬ ಮಗಳ ಕೈಯ ಮೇಲೆ ನೀರು ಬಿಡುತ್ತಾ, ಅಳು ತಡೆಯಲು ಮುಖ ಗಂಟು ಹಾಕಿಕೊಂಡಿದ್ದ. ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು.

"ಹಿಂಗ ಸಿಟ್ಟಿನ ಮಾರಿ ಮಾಡ್ತಿದ್ರು ಯವ್ವಾ, ಅಳು ಬಂದ್ರ ಹಿಂಗ ಮಾಡ್ತಿದ್ರು," ಎಂದು ಅವ್ವನಿಗೆ ಹೇಳಿದಳು.

ಸ್ವಲ್ಪ ಹೊತ್ತಿಗೆ ಅವಳು ಮುಖ ತೊಳೆಯಲು ಹಿತ್ತಲಿಗೆ ಬಂದಳು. ಅವಳ ಹಿಂದೆಯೇ ಬಸಣ್ಣ, ಅಂಗಡಿಯಿಂದ ಮರಳಿದ ಅಪ್ಪ, ಬಾಗಿಲಲ್ಲಿ ಅಣ್ಣ. ಶಾಂತವ್ವ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈ ಇಡಲು ಹೋದಳು. ನಾನು ಹಿಂದೆ ಸರಿದೆ.

"ಮುಟ್ಟಬ್ಯಾಡ್ರಿ. ನಾ ಹೊರಗ ಅದೀನಿ."

"ಇದನ್ನೆಲ್ಲಾ ಮಾಡಿದಾಕಿ ನೀನ ಏನವ್ವ?"

ಅಪ್ಪ ನನ್ನನ್ನೇ ನೋಡುತ್ತಿದ್ದ. ಪರದೆಯ ಹಿಂದೆ ನಿಂತು ಎಷ್ಟು ಸಲ ನಾನು ಈ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದೆ! ಈಗ ಯಾರೋ ಕೇಳಿಯೇ ಬಿಟ್ಟರು. ಕೆದರಿದ ಕೂದಲು, ನಿನ್ನೆಯ ಬಟ್ಟೆ, ಮೈಯೆಲ್ಲ ಮೈಲಿಗೆ, ಎದುರಿಗೆ ಗಂಡಸರು. ನನ್ನ ಬಾಯಿಂದ ಬಂದದ್ದು ಬೇರೆ.

"ಅಲ್ರಿ. ನಾ ಬರೇ ಓದಿ ಹೇಳ್ದೆ. ಮಾಡಿದಾವ ನಮ್ಮ ಅಣ್ಣ."

ಅಪ್ಪನ ಭುಜಗಳು ಇಳಿದವು. "ಹೂನ್ರಿ, ಆಕಿದು ಓದೋದು ಚುರುಕು. ಕೆಲಸ ಎಲ್ಲಾ ವೀರೇಶಂದ," ಅಂದ. ಶಾಂತವ್ವ ಅಣ್ಣನ ಕಡೆ ತಿರುಗಿ ಎರಡೂ ಕೈ ಮುಗಿದಳು. ವಯಸ್ಸಾದ ಹೆಂಗಸು ತನ್ನ ಮುಂದೆ ಹಾಗೆ ಕೈ ಮುಗಿದದ್ದನ್ನು ಅಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ.

"ನನಗ ಮುಗೀಬ್ಯಾಡ್ರಿ," ಅಂದ. ದನಿ ಒಡೆದಿತ್ತು. "ನನಗ ಏನೂ ಬರಂಗಿಲ್ಲ. ಇವತ್ತಲ್ಲ, ಎಂದೂ ಬಂದಿಲ್ಲ. ಬಸಣ್ಣ, ನಿಮ್ಮ ಹಿಂದಿನ ಕಂಪ್ಯೂಟರೂ ಆಕೀನ ಮಾಡಿದ್ದು. ಎಲ್ಲಾರ್ದೂ ಆಕೀನ ಮಾಡಿದ್ದು. ನಾ ಎತ್ತಿ ತಂದು ಕೊಡ್ತಿದ್ದೆ, ಅಷ್ಟ."

ಅಪ್ಪ ಅವನಿಗೆ ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ. ಒಗೆದ ಬಟ್ಟೆಯ ಹಗ್ಗವನ್ನು ಹಿಡಿದುಕೊಂಡು ನಿಂತ. ಶಾಂತವ್ವ ಮತ್ತೆ ನನ್ನ ಕಡೆ ಬಂದಳು. ನಾನು ಗೋಡೆಗೆ ತಾಗುವವರೆಗೂ ಸರಿದೆ. ಅವಳು ಬಿಡಲಿಲ್ಲ.

"ನನಗ ಇನ್ಯಾವ ಮೈಲಿಗಿ ಹತ್ತಬೇಕಾಗೈತವ್ವ," ಎಂದು ಒದ್ದೆ ಅಂಗೈಯನ್ನು ನನ್ನ ತಲೆಯ ಮೇಲಿಟ್ಟಳು. ಕಿಟಕಿಯಿಂದ ಆಯಿ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಶಾಂತವ್ವನ ಬರಿಯ ಹಣೆಯ ಮೇಲೆ ಕಣ್ಣು ಬಿದ್ದು ಕಿಟಕಿಯಿಂದ ಹಿಂದೆ ಸರಿದಳು. ನಾನು ಅಳಲಿಲ್ಲ. ಅಳಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದೆ. ಅಣ್ಣ ತನ್ನ ಮಾನ ಬಿಟ್ಟು ನಿಜ ಹೇಳಿದ್ದ. ನನಗೆ ನನ್ನದೇ ಕೆಲಸವನ್ನು ನನ್ನದು ಎನ್ನಲು ಆಗಿರಲಿಲ್ಲ.

ಆ ಸಂಜೆಯಿಂದ ಅಪ್ಪ ನನ್ನ ಜೊತೆಗೂ ಅಣ್ಣನ ಜೊತೆಗೂ ಮಾತು ಬಿಟ್ಟ. ಬಜಾರದಲ್ಲಿ ಸುದ್ದಿ ಹಬ್ಬಿತು. ಯಾರೂ ನಮ್ಮನ್ನು ಬೈಯಲಿಲ್ಲ. ಆದರೆ ಅಂಗಡಿಗೆ ಬಂದವರು ಪರದೆಯ ಕಡೆ ಒಮ್ಮೆ ನೋಡಿ, ಆಮೇಲೆ ಕೊಡದ ಬೆಲೆ ಕೇಳುತ್ತಿದ್ದರು. ಕಂಪ್ಯೂಟರು ಹಿಡಿದು ಬಂದವರಿಗೆ ಅಪ್ಪ, "ಆ ಕೆಲಸ ಬಿಟ್ಟೀವ್ರಿ," ಎಂದು ಕಳಿಸತೊಡಗಿದ. ಅಣ್ಣ ಗಂಗಾವತಿಯ ಸೆಂಟರಿಗೆ ಹೋಗುವುದನ್ನು ನಿಲ್ಲಿಸಿ ಹೆಸರು ಕೊರೆಯಲು ಕೂತ. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ನೆಮ್ಮದಿ ಕಂಡಿತು. ನನಗೆ ಮಾತ್ರ ಅವನ ಎದುರು ಕೂತು ಉಣ್ಣುವುದು ಕಷ್ಟವಾಗುತ್ತಿತ್ತು. ಅವನೇ ಒಂದು ದಿನ ನನ್ನ ತಾಟಿಗೆ ಚಟ್ನಿ ಹಾಕುತ್ತಾ ಕೇಳಿದ.

"ಅವತ್ತ ಯಾಕ ಹಂಗಂದಿ?"

"ಅಪ್ಪ ನೋಡಾಕತ್ತಿದ್ದ."

"ನನಗೂ ನೋಡಾಕತ್ತಿದ್ದ," ಅಂದ. ಅಷ್ಟೇ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಲೇಜಿನ ಲೆಕ್ಚರರ್ ಒಬ್ಬರು ಲ್ಯಾಪ್‌ಟಾಪ್ ತಂದರು. ಬಸಣ್ಣ ಕಳಿಸಿದ್ದನಂತೆ. ಅಪ್ಪ ಬಿಟ್ಟೀವ್ರಿ ಎನ್ನುತ್ತಾನೆಂದು ನಾನು ಒಳಗೆ ಕಾಯುತ್ತಿದ್ದೆ. ಅವನು ತಂಬಿಗೆಗಳನ್ನು ಅತ್ತಿತ್ತ ಸರಿಸುವ ಸದ್ದು ಕೇಳಿತು.

"ಪೂರ್ಣಿ, ಇಲ್ಲಿ ಬಾ," ಅಂದ ಅಪ್ಪ.

ಅವನು ಅಂಗಡಿಯಲ್ಲಿ ಮಂದಿಯ ಮುಂದೆ ನನ್ನ ಹೆಸರು ಕರೆದದ್ದು ಅದೇ ಮೊದಲು. ಪರದೆ ದಾಟಿ ಹೋದೆ. ಕೊಡಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅಪ್ಪ ನನ್ನ ಕಡೆ ನೋಡದೆ ಲೆಕ್ಚರರಿಗೆ, "ಈಕಿ ಮಾಡ್ತಾಳ್ರಿ. ನನ್ನ ಮಗಳು," ಅಂದ. ಎಷ್ಟೋ ದಿನದಿಂದ ಬೇಕಾಗಿದ್ದ ಮಾತು ಬಂತು, ನಾನು ಹಿಗ್ಗುತ್ತೇನೆಂದುಕೊಂಡಿದ್ದೆ. ಹಿಗ್ಗು ಬರಲಿಲ್ಲ. ಮೈಯ ಮೇಲೆ ಬಟ್ಟೆಯೇ ಇಲ್ಲದಂತೆ ಅನಿಸಿ, ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಒಳಗೆ ಓಡಿದೆ.

ಅದು ಸರಿಯಾಗಲಿಲ್ಲ. ಪೆನ್ ಡ್ರೈವ್ ಬದಲಿಸಿದೆ, ತೂತು ಬದಲಿಸಿದೆ, ಸೆಟ್ಟಿಂಗು ಬದಲಿಸಿದೆ. ಒಳಗಿನ ಡಿಸ್ಕೇ ಸತ್ತಿತ್ತು. ಕಿವಿ ಹಚ್ಚಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಲೆಕ್ಚರರ್ ಮತ್ತೆ ಬಂದಾಗ ಅಪ್ಪ, "ನಾ ಹೇಳ್ಲೇನು?" ಎಂದು ಮೆಲ್ಲಗೆ ಕೇಳಿದ. ಹೊಸಪೇಟೆಯ ಸಾಮಾನು ಅವನ ನಾಲಗೆಯ ತುದಿಯಲ್ಲೇ ಇತ್ತೆಂದು ನನಗೆ ಗೊತ್ತಿತ್ತು. ಬೇಡ ಎಂದು ತಲೆಯಾಡಿಸಿ ನಾನೇ ಹೊರಗೆ ಹೋದೆ. ಅಂಗಡಿಯಲ್ಲಿ ಮಂದಿಯಿದ್ದರು.

"ಸರ್, ನನ್ನ ಕೈಲಿ ಆಗಲಿಲ್ರಿ," ಅಂದೆ.

ದನಿ ಸಣ್ಣದಾಗಿತ್ತು. ಅವರು, "ಏನವ್ವ?" ಅಂದರು. ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಉರಿಯುತ್ತಿತ್ತು. ಅಣ್ಣನ ಹೆಸರಿನ ಹಿಂದೆ ಇನ್ನು ಅಡಗುವಂತಿರಲಿಲ್ಲ. ಎಲ್ಲರೂ ನೋಡುತ್ತಿದ್ದಾಗ ನಾನು ಅದನ್ನೇ ಮತ್ತೊಮ್ಮೆ, ಕೇಳಿಸುವ ಹಾಗೆ ಹೇಳಿದೆ.